ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು

ಕಾರಿನ ಬಗ್ಗೆ ಬರೀತೇನೆ ಅಂದಾಗ ನಮ್ಮ ಸಂಪಾದಕ ಮಿತ್ರರು ನಕ್ಕರು. "ಮಾರಾಯ, ನಮ್ಮ ಸಾಹಿತ್ಯ ಮಂಡಳದಲ್ಲಿ ಕಾರು ಯಾರ ಹತ್ತಿರ ಇದೆ? ಎಲ್ಲರೂ ಲೋಕಲಿನ ಬಾಗಿಲಿಗೆ ಜೋತು ಬೀಳುವವರೇ" ಅಂದರು. ನಿಜ. ಆದರೂ ಬರೆಯುತ್ತೇನೆ. ಪ್ರೀತಿ, ವಿರಹ, ಊರಿನ ಮಳೆ, ಅಜ್ಜಿಯ ಬೆನ್ನು ಇವೆಲ್ಲ ಈ ಪುಟಗಳಲ್ಲಿ ಸಾಕಷ್ಟು ಸಲ ಬಂದಾಗಿದೆ. ನಾನು ಕಾಮರ್ಸಿನವನು, ಏಳನೆಯ ಇಯತ್ತೆಯ ತನಕ ಕನ್ನಡ ಶಾಲೆಯಲ್ಲಿ ಕಲಿತವನು. ಡೆಬಿಟ್-ಕ್ರೆಡಿಟ್ಟನ್ನು ಇಂಗ್ಲಿಷಿನಲ್ಲಿ ಬರೆದರೂ ಲಾಭ-ನಷ್ಟ ತಿಳಿಯೋದು ಕನ್ನಡದಲ್ಲೇ. ಹಾಗಾಗಿ ಒಂದು ನಷ್ಟದ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಹೊಸ ಗಾಡಿ ಬಂದಾಗ ನಮ್ಮವರು ಏನು ಮಾಡ್ತಾರೆ ನಿಮಗೆ ಗೊತ್ತು. ಹೂಮಾಲೆ, ಕುಂಕುಮ, ತೆಂಗಿನಕಾಯಿ. ಆಮೇಲೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಗಾಡಿ ಮುಂದಕ್ಕೆ ಹೋದಾಗ 'ಪಚ್' ಅಂತ ನಾಲ್ಕೂ ಒಡೆಯಬೇಕು, ಒಡೆದರೆ ದೃಷ್ಟಿ ಹೋಯಿತು. ಅಮೇರಿಕದಲ್ಲಿ ನಿಂಬೆಹಣ್ಣಿಗೆ ಬೇರೆಯೇ ಅರ್ಥ ಇದೆಯಂತೆ. ಹೊರಗೆ ತಳತಳ ಹೊಳೆಯುತ್ತ ಒಳಗೆ ಕೆಟ್ಟಿರುವ ಕಾರಿಗೆ ಅಲ್ಲಿಯವರು 'ಲೆಮನ್' ಅನ್ನುತ್ತಾರೆ. ನಾವು ಚಕ್ರದ ಕೆಳಗಿಡುವುದನ್ನು ಅವರು ಕಾರಿಗೇ ಹೆಸರಾಗಿ ಇಟ್ಟುಬಿಟ್ಟಿದ್ದಾರೆ!

ಈ ನಿಂಬೆಹಣ್ಣಿನ ಮೇಲೆ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಲೇಖನ ಬರೆದರು. ಅದನ್ನು ಮೂರು ಪತ್ರಿಕೆಗಳು ಬೇಡ ಅಂದಿದ್ದವು. (ನಮ್ಮ ಮಂಡಳದ ಕವಿಗಳು ಇದನ್ನು ಗಮನಿಸಿ ಧೈರ್ಯ ತಂದುಕೊಳ್ಳಬಹುದು.) 2001ರಲ್ಲಿ ಅವರಿಗೆ ನೋಬೆಲ್ ಬಂತು, ಇನ್ನಿಬ್ಬರ ಜೊತೆ. ಅವರು ಹೇಳಿದ್ದು ನಮ್ಮ ಅಮ್ಮ ಮೀನು ಮಾರ್ಕೆಟ್ಟಿನಲ್ಲಿ ದಿನಾ ಹೇಳುವ ಮಾತೇ, ಆದರೆ ಕೊನೆಯ ತನಕ ಲೆಕ್ಕ ಹಾಕಿ ಹೇಳಿದರು. ಹಳೆಯ ಕಾರು ಒಳ್ಳೆಯದೋ ಕೆಟ್ಟದ್ದೋ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯ ಕಾರಿನ ಬೆಲೆ ಮೂರು ಲಕ್ಷ, ಕೆಟ್ಟದ್ದರ ಬೆಲೆ ಒಂದು ಲಕ್ಷ ಅಂತ ಇಟ್ಟುಕೊಳ್ಳಿ. ಕೊಳ್ಳುವವ ಹೆದರಿಕೊಂಡು ಎರಡು ಲಕ್ಷ ಕೊಡ್ತೇನೆ ಅಂತಾನೆ. ಒಳ್ಳೆಯ ಕಾರಿನವನು "ಎರಡಕ್ಕೆ ಯಾರು ಕೊಡ್ತಾರೆ" ಅಂತ ಮನೆಗೆ ಹೋಗಿಬಿಡ್ತಾನೆ. ಕೆಟ್ಟ ಕಾರಿನವನು ಮಾತ್ರ ನಗುತ್ತ ನಿಲ್ತಾನೆ. ಇದು ನಾಲ್ಕು ಜನಕ್ಕೆ ತಿಳಿದ ಮೇಲೆ ಎರಡು ಲಕ್ಷವೂ ಯಾರೂ ಕೊಡೋದಿಲ್ಲ. ಕೊನೆಗೆ ಬಜಾರಿನಲ್ಲಿ ಉಳಿಯೋದು ನಿಂಬೆಹಣ್ಣೇ. ಆ ಲೇಖನದಲ್ಲಿ ಕಾರಿನ ಜೊತೆಗೆ ನಮ್ಮ ದೇಶದ ಹಳ್ಳಿಯ ಲೇವಾದೇವಿಗಾರರ ಮಾತೂ ಬರುತ್ತದೆ.

ಇನ್ನು ನಮ್ಮ ಮನೆಯ ನಿಂಬೆಹಣ್ಣಿಗೆ ಬರುತ್ತೇನೆ.

ಅಪ್ಪನದು ಸಾಕಿನಾಕಾದಲ್ಲಿ ಒಂದು ಸಣ್ಣ ಕ್ಯಾಂಟೀನು. ನಾವಿರೋದು ಭಾಂಡೂಪಿನಲ್ಲಿ. 2022ರ ದೀಪಾವಳಿಗೆ, ಪಾತ್ರೆ-ಸಾಮಾನು ಸಾಗಿಸೋಕೂ ಆಯಿತು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯೋಕೂ ಆಯಿತು ಅಂತ ಒಂದು ಸೆಕೆಂಡ್‌ಹ್ಯಾಂಡ್ ಕಾರು ತಗೊಂಡರು. ಬಿಳಿ ಬಣ್ಣ. ಯಾವ ಕಂಪೆನಿ ಅಂತ ಹೇಳೋದಿಲ್ಲ, ತಪ್ಪು ಕಂಪೆನಿಯದಾಗಿರಲಿಲ್ಲ. ದಲ್ಲಾಳಿಯನ್ನು ಅಪ್ಪ ನೇರವಾಗಿಯೇ ಕೇಳಿದರು, "ನೀರು ನುಗ್ಗಿದ ಗಾಡಿ ಅಲ್ಲ ತಾನೇ?" ಅವನು "ಶೇಟ್, ಈ ಗಾಡಿ ಕೊಡೆ ಹಿಡಿದುಕೊಂಡು ಓಡಾಡಿದ್ದು" ಅಂದ. ಎಲ್ಲರೂ ನಕ್ಕೆವು. ಅಮ್ಮ ನಾಲ್ಕು ನಿಂಬೆಹಣ್ಣು ಇಟ್ಟಳು. ಮೂರು ಒಡೆದವು, ನಾಲ್ಕನೆಯದು ಜಾರಿ ಗಟಾರಕ್ಕೆ ಹೋಯಿತು. ಅಮ್ಮ ಇವತ್ತಿಗೂ ಅದನ್ನೇ ಹೇಳುತ್ತಾಳೆ.

ಎರಡು ತಿಂಗಳು ಚೆನ್ನಾಗೇ ಓಡಿತು. ಮೂರನೆಯ ತಿಂಗಳು ಪವರ್ ವಿಂಡೋ ಕೆಳಗಿಳಿದದ್ದು ಮೇಲೆ ಬರಲಿಲ್ಲ. ಆಮೇಲೆ ಹಾರನ್ನು ತಾನಾಗಿಯೇ ಕೂಗೋಕೆ ಶುರುವಾಯಿತು, ಅದೂ ರಾತ್ರಿ ಒಂದು ಗಂಟೆಗೆ. ಇಡೀ ಬಿಲ್ಡಿಂಗು ಎದ್ದು ಕೂತಿತು. ಹೆಡ್‌ಲೈಟು ಓಡುವಾಗಲೇ ಆರಿಹೋಗುತ್ತಿತ್ತು, ಎರಡು ನಿಮಿಷಕ್ಕೆ ತಾನಾಗಿಯೇ ಬರುತ್ತಿತ್ತು. ಮೆಕ್ಯಾನಿಕ್ಕು ಸೀಟು ಬಿಚ್ಚಿ ಕೆಳಗಿನ ಕಾರ್ಪೆಟ್ ಎತ್ತಿದಾಗ ಒಣಗಿದ ಕೆಸರು ಪಾಪಡದ ಹಾಗೆ ಎದ್ದು ಬಂತು. ಸೀಟಿನ ಬೋಲ್ಟುಗಳೆಲ್ಲ ತುಕ್ಕು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ತೋರಿಸಿದ. ಕೊನೆಯ ಒಂದೂವರೆ ಅಡಿಯಲ್ಲಿ, ನಾವು ಯಾವತ್ತೂ ಎಳೆಯದ ಭಾಗದಲ್ಲಿ, ಕಂದು ಬಣ್ಣದ ಗೆರೆ. "ನೀರು ಇಲ್ಲಿ ತನಕ ನಿಂತಿತ್ತು" ಅಂದ. ನೀವು ಯಾವತ್ತಾದರೂ ಹಳೆಯ ಕಾರು ತಗೊಂಡರೆ ಬಾನೆಟ್ ಎತ್ತಿ ಇಂಜಿನ್ ನೋಡಿ ತಲೆಯಾಡಿಸೋಕೆ ಹೋಗಬೇಡಿ, ಅದನ್ನು ಅವರು ತೊಳೆದಿಟ್ಟಿರುತ್ತಾರೆ. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೈಹಾಕಿ ನೋಡಿರಿ. ಒಳಗೆ ಅತ್ತರಿನ ವಾಸನೆ ಜಾಸ್ತಿ ಬಂದರೆ ಅನುಮಾನ ಪಡಿರಿ.

ಮುಂಬೈಯಲ್ಲಿ ಇಂಥ ಗಾಡಿಗಳಿಗೇನು ಕಮ್ಮಿ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಾನು ಹುಟ್ಟಿದ್ದು ಆ ವರ್ಷವೇ. ಅವತ್ತು ಕಲೀನಾ, ಕುರ್ಲಾ ಕಡೆ ಮೀಠಿ ನದಿ ರಸ್ತೆಗೇ ಬಂತು, ಕಾರುಗಳು ಕಾಗದದ ದೋಣಿಯ ಹಾಗೆ ತೇಲಿದವು, ಬಾಗಿಲು ತೆರೆಯಲಾಗದೆ ಕಾರಿನೊಳಗೇ ಉಸಿರುಕಟ್ಟಿ ಸತ್ತವರಿದ್ದಾರೆ. ಆಮೇಲೂ ಪ್ರತಿ ಮಳೆಗಾಲ ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ ಅಂತ ಹೆಸರುಗಳು ಪೇಪರಿನಲ್ಲಿ ಬರುತ್ತಲೇ ಇರುತ್ತವೆ. 2019ರ ಜುಲೈಯಲ್ಲಿ ಮಲಾಡ್ ಸಬ್‌ವೇಯಲ್ಲಿ ನೀರಿಗೆ ಸಿಕ್ಕಿದ ಕಾರಿನಲ್ಲಿ ಇಬ್ಬರು ಹೋದರು. ನಿಂತ ನೀರಿನಲ್ಲಿ ಇಂಜಿನ್ ಬಂದಾದರೆ ಮತ್ತೆ ಸ್ಟಾರ್ಟ್ ಮಾಡಬಾರದು ಅಂತಾರೆ. ಪಿಸ್ಟನ್ ಮೇಲೆ ಬಂದಾಗ ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳೋದಿಲ್ಲ. ಕನೆಕ್ಟಿಂಗ್ ರಾಡೇ ಬಗ್ಗಿ ಹೋಗುತ್ತದೆ. ಇಂಜಿನ್ನು ಉಳಿದರೂ ವಯರುಗಳ ಸಂದಿಯಲ್ಲಿ ಕೂತ ತೇವ ವರ್ಷಗಟ್ಟಲೆ ಹಸಿರು ತುಕ್ಕು ಹಿಡಿಯುತ್ತ ಹೋಗುತ್ತದೆ. ನೀರು ಇಳಿದ ಮೇಲೆ ಆ ಗಾಡಿಗಳೆಲ್ಲ ಎಲ್ಲಿಗೆ ಹೋದವು? ಒಣಗಿಸಿ, ಪಾಲಿಶ್ ಮಾಡಿ, ಯಾರದೋ ಮನೆಯ ದೀಪಾವಳಿಗೆ ಬಂದವು.

ಇಲ್ಲಿ ನನ್ನ ಮಾವನ ಮಾತು ಹೇಳಲೇಬೇಕು. ಮಾವ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದವರು. ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆದು, ನೈಟ್ ಸ್ಕೂಲಿಗೆ ಹೋಗಿ, ಕೊನೆಗೆ ಬ್ಯಾಡ್ಜು ಮಾಡಿಸಿಕೊಂಡು ಟ್ಯಾಕ್ಸಿ ಹಿಡಿದರು. ಕಾಲೀ-ಪೀಲೀ, ಪ್ರೀಮಿಯರ್ ಪದ್ಮಿನಿ. ಅರವತ್ತರ ದಶಕದಲ್ಲಿ ಫಿಯಟ್ ಅಂತ ಹುಟ್ಟಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಅಂತ ನಾಮಕರಣವಾದ ಗಾಡಿ, ನಮ್ಮ ಕುರ್ಲಾದಲ್ಲೇ ತಯಾರಾದದ್ದು. 1089 ಸಿ.ಸಿ. ಇಂಜಿನ್ನು. ಮಾವನ ಮೊದಲ ಪದ್ಮಿನಿಗೆ ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಕೋಲು, ಮುಂದೆ ಬೆಂಚಿನ ಹಾಗೆ ಉದ್ದ ಸೀಟು. ಅದನ್ನು ಅವರು 1988ರಲ್ಲಿ ಹಳೆಯದೇ ಕೊಂಡದ್ದು.

ಪದ್ಮಿನಿ ಕೆಡುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಕೆಡುತ್ತಿತ್ತು. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಮಳೆಯಲ್ಲಿ ಡಿಸ್ಟ್ರಿಬ್ಯೂಟರಿಗೆ ನೀರು ಹೋಗುತ್ತಿತ್ತು. ಪಾಯಿಂಟನ್ನು ಸ್ಯಾಂಡ್‌ಪೇಪರಿನಲ್ಲಿ ತಿಕ್ಕಬೇಕು. ಆಮೇಲಿನ ಗಾಡಿಗೆ ಸಿ.ಎನ್.ಜಿ. ಹಾಕಿಸಿದ ಮೇಲೆ ವಾಲ್ವು ಸವೆಯೋದು ಹೊಸ ತಲೆನೋವಾಯಿತು. ಆದರೆ ಮಾವ ಹೇಳೋದೇನೆಂದರೆ, ಕೆಟ್ಟದ್ದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ದಾದರಿನ ಸ್ಟ್ಯಾಂಡಿನಲ್ಲಿ ಜೌನ್‌ಪುರದವರು, ರತ್ನಾಗಿರಿಯವರು, ನಮ್ಮ ಕಡೆಯವರು ಎಲ್ಲರೂ ಕಟಿಂಗ್ ಚಾ ಹಿಡಿದುಕೊಂಡು ಮಾತಾಡುತ್ತಿದ್ದದ್ದು ಇದನ್ನೇ. ನಿನ್ನದು ಏರಿನಲ್ಲಿ ಎಳೆಯುತ್ತದಾ? ನನ್ನದು ಥರ್ಡ್‌ನಲ್ಲಿ ಗೇರು ಹಾರುತ್ತದೆ. ಯಾವ ಮೆಕ್ಯಾನಿಕ್ಕು ಮೋಸ, ಚೋರ್ ಬಜಾರಿನಲ್ಲಿ ಯಾವ ಪಾರ್ಟು ಅಸಲಿ.... ಹೆಂಡತಿಯ ಜಗಳವನ್ನಾದರೂ ಮುಚ್ಚಿಡುತ್ತಿದ್ದರು, ಕಾರ್ಬೊರೇಟರಿನ ಜಗಳವನ್ನು ಮುಚ್ಚಿಡುತ್ತಿರಲಿಲ್ಲ. ಎಲ್ಲರ ಗಾಡಿಯೂ ಒಂದೇ ಜಾತಿ, ಎಲ್ಲರ ಹೊಟ್ಟೆಯೂ ಅದರ ಮೇಲೆಯೇ. ಒಬ್ಬನ ಗಾಡಿಯ ಕಾಯಿಲೆ ಇನ್ನೊಬ್ಬನಿಗೆ ಔಷಧದ ಚೀಟಿ.

ಮಾವ ಒಂದು ನೋಟ್‌ಬುಕ್ ಇಟ್ಟಿದ್ದರು. ತಾರೀಕು, ಕಿಲೋಮೀಟರು, ಏನು ಕೆಟ್ಟಿತು, ಯಾರು ರಿಪೇರಿ ಮಾಡಿದರು, ಎಷ್ಟು ಕೊಟ್ಟೆ. ಎಲ್ಲ ನೈಟ್ ಸ್ಕೂಲಿನ ದುಂಡು ಕನ್ನಡ ಅಕ್ಷರದಲ್ಲಿ. "ಪೆಡ್ಡರ್ ರೋಡಿನ ಏರಿನಲ್ಲಿ ನೀರು ಕುದಿಯಿತು. ಪಾರ್ಸಿ ಅಜ್ಜ ಬೈದು ಇಳಿದು ಹೋದ. ಬಾಡಿಗೆ ಕೊಡಲಿಲ್ಲ" ಅಂತ ಒಂದು ಕಡೆ ಇದೆ. 1999ರಲ್ಲಿ ಆ ಗಾಡಿಯನ್ನು ಜೌನ್‌ಪುರದ ಒಬ್ಬ ಡ್ರೈವರಿಗೆ ಮಾರುವಾಗ ಪುಸ್ತಕವನ್ನೂ ಕೊಡೋಕೆ ಹೋದರು. ಅವನಿಗೆ ಕನ್ನಡ ಎಲ್ಲಿ ಬರಬೇಕು? ಆಗ ಮಾವ ಸ್ಟ್ಯಾಂಡಿನಲ್ಲಿ ಬಾನೆಟ್ಟಿನ ಮೇಲೆ ಕೂತು, ಸಂಜೆ ಪೂರ್ತಿ, ಒಂದೊಂದೇ ಸಾಲು ಹಿಂದಿಯಲ್ಲಿ ಓದಿ ಹೇಳಿದರಂತೆ. ಅವನು ಇಡೀ ಕೇಳಿಸಿಕೊಂಡು ಎರಡು ಸಾವಿರ ಕಡಿಮೆ ಮಾಡಿ ಅಂದ. ಮಾವ ಕಡಿಮೆ ಮಾಡಿದರು. ಆಮೇಲೆ ಹತ್ತು ವರ್ಷ ಇಬ್ಬರೂ ಅದೇ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ಗಾಡಿ ನಿಲ್ಲಿಸಿದರು.

ಎರಡನೆಯ ಪದ್ಮಿನಿ 2000ದಲ್ಲಿ ನೋಂದಣಿಯಾದದ್ದು. ಟ್ಯಾಕ್ಸಿಗೆ ಇಪ್ಪತ್ತು ವರ್ಷ ಆಯುಷ್ಯ ಅಂತ ಸರಕಾರದ ನಿಯಮ. 2020ರಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ವರ್ಷ, ಅದು ಭಂಗಾರಕ್ಕೆ ಹೋಯಿತು. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ಡೇವ್ ಆರ್.ಟಿ.ಓ.ದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ಹಾಗಾಗಿ 2023ರ ಅಕ್ಟೋಬರಿನ ಕೊನೆಗೆ ಆ ಜಾತಿಯೇ ಮುಗಿಯಿತು. ಪೇಪರಿನವರೆಲ್ಲ ಕಣ್ಣೀರು ಸುರಿಸಿ ಬರೆದರು. ನನಗೆ ಗಾಡಿ ಹೋದದ್ದಕ್ಕೆ ಅಷ್ಟು ದುಃಖ ಇಲ್ಲ. ಹೊಗೆ ಉಗುಳುತ್ತಿತ್ತು, ಸೀಟಿನ ಸ್ಪ್ರಿಂಗು ಚುಚ್ಚುತ್ತಿತ್ತು. ಭಂಗಾರದವನು ಪುಸ್ತಕ ಬೇಡ ಅಂದನಲ್ಲ, ಅದು ನನ್ನ ಹತ್ತಿರ ಉಳಿದಿದೆ.

ಈಗ ನಮ್ಮ ಕಾಂಪೌಂಡು ನೋಡಿ. ಹನ್ನೊಂದು ಕಾರು ನಿಂತಿವೆ, ಎಂಟು ಸಾಲದವು. ಕೇಳಿದರೆ ಎಲ್ಲ ಕಾರೂ "ಏಕ್‌ದಮ್ ಮಕ್ಖನ್". ಕೆಟ್ಟಿದೆ ಅಂತ ಹೇಳಿದರೆ ತಾನೇ ಮೋಸಹೋದೆ ಅಂತ ಒಪ್ಪಿಕೊಂಡ ಹಾಗೆ. ಮೇಲಾಗಿ ಒಂದು ದಿನ ಮಾರಬೇಕಲ್ಲ, ಪಕ್ಕದ ಮನೆಯವನಿಗೆ ಹೇಳಿದರೆ ರೇಟು ಬಿದ್ದುಹೋಗುತ್ತದೆ! ಕಾಯಿಲೆ ಹೇಳಿಕೊಳ್ಳುವುದಕ್ಕೂ ಈಗ ಮಾತಿಲ್ಲ ಬಿಡಿ. ಸರ್ವಿಸ್ ಸೆಂಟರಿನಲ್ಲಿ ಯಂತ್ರ ಸಿಕ್ಕಿಸಿ ಒಂದು ನಂಬರು ಓದುತ್ತಾರೆ, ಒಂದು ಬಿಲ್ಲು ಕೊಡುತ್ತಾರೆ. ಏನು ಕೆಟ್ಟಿತ್ತು ಅಂತ ಕೇಳಿದರೆ 'ಸೆನ್ಸರು'. ನಮ್ಮ ಕಡೆ 'ಗಾಳಿ ಸೋಕಿದೆ' ಅಂತಾರಲ್ಲ, ಹಾಗೆ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅಪ್ಪ ಗಾಡಿ ಮಾರುತ್ತೇನೆ ಅಂದರು. ಅದಕ್ಕೆ ಹಾಕಿದ ದುಡ್ಡಿನಲ್ಲಿ ಕ್ಯಾಂಟೀನಿಗೆ ಹೊಸ ಫ್ರಿಜ್ಜು ಬರುತ್ತಿತ್ತು. ಆಗಷ್ಟೇ ನಾನು ಬಿಸಿನೆಸ್ ಲಾ ಪರೀಕ್ಷೆ ಬರೆದು ಅರವತ್ತೆಂಟು ಮಾರ್ಕು ತಗೊಂಡಿದ್ದೆ. 1872ರ ಕರಾರು ಕಾಯ್ದೆ, 17ನೆಯ ಕಲಮು. ಕಾಮರ್ಸಿನವರಿಗೆಲ್ಲ ಆ ಕುದುರೆ ನೆನಪಿರುತ್ತದೆ. ಒಬ್ಬ ಹರಾಜಿನಲ್ಲಿ ರೋಗದ ಕುದುರೆ ಮಾರುತ್ತಾನೆ, ರೋಗದ ಮಾತೇ ಎತ್ತುವುದಿಲ್ಲ. ಇದು ವಂಚನೆ ಅಲ್ಲ ಅನ್ನುತ್ತದೆ ಕಾಯ್ದೆ. ಬರಿಯ ಮೌನ ವಂಚನೆಯಲ್ಲ. ಅಪ್ಪ ಎರಡು ರಾತ್ರಿ ನಿದ್ದೆಗೆಟ್ಟು, "ಹೇಳಿಬಿಡೋಣವಾ?" ಅಂತ ನನ್ನನ್ನು ಕೇಳಿದರು. ಎಂಟನೆಯವರೆಗೆ ಓದಿದ ಮನುಷ್ಯ, ಬಿ.ಕಾಂ. ಓದುವ ಮಗನನ್ನು ಕೇಳಿದರು. ನಾನು ದೊಡ್ಡ ವಕೀಲನ ಹಾಗೆ, "ಅವರು ಕೇಳದಿದ್ದರೆ ನಾವು ಹೇಳಬೇಕಾಗಿಲ್ಲ, ಕಾನೂನೇ ಹಾಗಿದೆ" ಅಂದೆ.

ಅದೇ ಕಲಮಿನ ಕೆಳಗೆ ಇನ್ನೆರಡು ಉದಾಹರಣೆ ಇವೆ. ಅವನ್ನೂ ಓದಿದ್ದೆ, ಬರೆದೂ ಇದ್ದೆ. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಈಗಷ್ಟೇ ಪ್ರಾಯಕ್ಕೆ ಬಂದಿದ್ದರೆ? ಆಗ ಅವನು ಹೇಳಲೇಬೇಕು, ಸಂಬಂಧ ಅಂಥದ್ದು. ಇನ್ನು, ಕೊಳ್ಳುವವನು "ನೀವು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ" ಅಂದಾಗ ಸುಮ್ಮನಿದ್ದರೆ? ಆ ಮೌನ ಮಾತಿಗೆ ಸಮ.

ಕೊಳ್ಳೋಕೆ ಬಂದವರು ಡೊಂಬಿವಿಲಿಯವರು, ಕಲಬುರಗಿ ಕಡೆಯ ಕನ್ನಡಿಗರು. ಅಪ್ಪ ಕನ್ನಡ ಮಾತಾಡಿದ್ದು ಕೇಳಿಯೇ ಅವರ ಮುಖ ಅರಳಿತು. ಚಾ ಕುಡಿದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಸೀಟ್ ಬೆಲ್ಟ್ ಎಳೆಯಲಿಲ್ಲ. "ನಮ್ಮೋರೇ ಅದೀರಿ, ನೀವೇನು ಸುಳ್ಳು ಹೇಳ್ತೀರೇನ್ರಿ. ಏನರ ಇದ್ರ ನೀವೇ ಹೇಳ್ತಿದ್ರಿ" ಅಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಅಷ್ಟೇ ಆದದ್ದು. ನಾನು ಪರೀಕ್ಷೆಯಲ್ಲಿ ಬರೆದಿದ್ದ ಮೂರನೆಯ ಉದಾಹರಣೆಯೇ ಕಲಬುರಗಿಯ ಮಾತಿನಲ್ಲಿ ನಮ್ಮ ಮನೆಗೆ ಬಂದು ಚಾ ಕುಡಿದು ಹೋಯಿತು.

ಇದನ್ನು ಹೇಳಿದಾಗ ಗೆಳೆಯರು ಎರಡು ಥರ ವಾದ ಮಾಡಿದರು. ಒಬ್ಬ, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆಯೇ ಇದೆ, ಒಂದು ಕಾರಿಗೆ ಇಷ್ಟು ತಲೆ ಕೆಡಿಸ್ಕೊಳ್ತೀಯಲ್ಲ" ಅಂದ. ಆ ಗಾದೆ ಮಾಡಿದವರು ಮದುವೆಯಾದ ಹುಡುಗಿಯನ್ನು ಕೇಳಿರಲಿಕ್ಕಿಲ್ಲ. ಇನ್ನೊಬ್ಬನ ವಾದಕ್ಕೆ ತೂಕ ಇದೆ. "ಎಲ್ಲರೂ ಮುಚ್ಚಿಡುವ ಬಜಾರಿನಲ್ಲಿ ನೀನೊಬ್ಬ ಹೇಳಿದರೆ ನಷ್ಟ ನಿನಗೊಬ್ಬನಿಗೇ. ಬಡವನ ಮೇಲೆ ಮಾತ್ರ ಯಾಕೆ ಸತ್ಯದ ಭಾರ?" ಅಂದ. ಹೌದು, ನಮಗೂ ಮೋಸವೇ ಆಗಿತ್ತು. ಅಪ್ಪ ಬಾಯಿಬಿಟ್ಟು ಕೇಳಿಯೂ ಮೋಸವಾಗಿತ್ತು. ಆದರೆ ಆ ಮೋಸವನ್ನು ನಾವು ದಲ್ಲಾಳಿಗೆ ವಾಪಸು ಕೊಡಲಿಲ್ಲ. ಗೊತ್ತೇ ಇಲ್ಲದ ಮೂರನೆಯ ಮನುಷ್ಯನ ಖಾತೆಗೆ ಬರೆದುಬಿಟ್ಟೆವು. ಡಬಲ್ ಎಂಟ್ರಿಯಲ್ಲಿ ಇದಕ್ಕೆ ಯಾವ ಹೆಸರಿದೆಯೋ ನನಗಂತೂ ಸಿಗಲಿಲ್ಲ.

ಹಾಗಾಗಿ ಇದನ್ನು ಬರಿಯ ಒಳ್ಳೆಯತನಕ್ಕೆ ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಹಳೆಯ ಗಾಡಿ ಹೆಸರು ಬದಲಾಯಿಸುವಾಗ ಆರ್.ಟಿ.ಓ.ಗೆ ಫಾರ್ಮ್ 29, ಫಾರ್ಮ್ 30 ಕೊಡುತ್ತೇವೆ. ಇಂಜಿನ್ ನಂಬರು, ಚಾಸಿ ನಂಬರು, ವಿಳಾಸ ಎಲ್ಲ ಕೇಳುತ್ತಾರೆ. ಈ ಗಾಡಿ ನೀರಿನಲ್ಲಿ ಮುಳುಗಿತ್ತೇ ಅನ್ನುವ ಒಂದು ಕಲಮು ಅದರಲ್ಲಿ ಇಲ್ಲ. ಅಮೇರಿಕದ ಎಷ್ಟೋ ರಾಜ್ಯಗಳಲ್ಲಿ ಪ್ರವಾಹದಲ್ಲಿ ಹಾಳಾದ ಗಾಡಿಯ ದಾಖಲೆಯ ಮೇಲೇ 'ಪ್ರವಾಹ' ಅಂತ ಮುದ್ರೆ ಬೀಳುತ್ತದೆ. ವಿಮೆಯ ಕಂಪೆನಿಗಳಿಗೆ ಯಾವ ಗಾಡಿಗೆ ಎಷ್ಟು ಕ್ಲೇಮು ಕೊಟ್ಟೆವು ಅಂತ ಗೊತ್ತೇ ಇರುತ್ತದೆ. ಆ ಒಂದು ಸಾಲು ಆರ್.ಸಿ.ಯ ಮೇಲೆ ಬಂದರೆ ಸತ್ಯ ಹೇಳುವವನೊಬ್ಬನೇ ಬೋಳಾಗೋದು ತಪ್ಪುತ್ತದೆ. ಮೊದಲ ಮಾಲೀಕ ಕಮ್ಮಿ ರೇಟಿಗೆ ಮಾರಲಿ, ಎರಡನೆಯವ ಕಮ್ಮಿ ರೇಟಿಗೆ ಕೊಂಡು ತಿಳಿದೇ ರಿಪೇರಿ ಮಾಡಿಸಲಿ. ಅಮೇರಿಕದಲ್ಲೂ ಮುದ್ರೆ ಅಳಿಸುವ ಕಳ್ಳರಿದ್ದಾರೆ, ನಮ್ಮಲ್ಲಿ ಇನ್ನೂ ಚೆನ್ನಾಗಿ ಅಳಿಸುತ್ತಾರೆ, ಗೊತ್ತು. ಆದರೂ ಅಳಿಸೋಕೆ ಮೊದಲು ಮುದ್ರೆಯಾದರೂ ಇರಬೇಕಲ್ಲ?

ಅದು ಬರುವ ತನಕ ಏನು ಅಂತ ಕೇಳಿದರೆ ನನ್ನ ಹತ್ತಿರ ಮಾವನ ನೋಟ್‌ಬುಕ್ ಮಾತ್ರ ಇದೆ.

ಹೋದ ತಿಂಗಳು ಆ ಡೊಂಬಿವಿಲಿಯವರು ಅಪ್ಪನಿಗೆ ಫೋನ್ ಮಾಡಿದ್ದರು. ಬೈಯೋಕೆ ಅಂದುಕೊಂಡು ಅಪ್ಪ ಎದ್ದು ನಿಂತೇ ಮಾತಾಡಿದರು. ಬೈಯೋಕಲ್ಲ. ಮಗಳ ಹುಟ್ಟುಹಬ್ಬಕ್ಕೆ ಕರೆಯೋಕೆ. ಮಾತಿನ ನಡುವೆ, "ಗಾಡಿ ಛಲೋ ಐತ್ರಿ, ರಾತ್ರಿ ಒಮ್ಮೊಮ್ಮೆ ಲೈಟು ಹೋಗತಾವ್, ನಿಮಗೂ ಹಂಗ ಆಗತಿತ್ತೇನ್ರಿ?" ಅಂದರು. ಅವರು ವಾರಕ್ಕೆರಡು ಸಲ ಹೆಂಡತಿ-ಮಗುವನ್ನು ಕೂರಿಸಿಕೊಂಡು ಘೋಡ್‌ಬಂದರ್ ರೋಡಿನಲ್ಲಿ ರಾತ್ರಿ ವಾಪಸು ಬರುತ್ತಾರಂತೆ. ಅಪ್ಪ "ನೋಡ್ಬೇಕು" ಅಂದು ಫೋನು ಇಟ್ಟರು. ಅವತ್ತು ಊಟ ಮಾಡಲಿಲ್ಲ.

ಮಾವನ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಅದರಲ್ಲೇ ಬರೆದಿದ್ದೇನೆ, ತಾರೀಕು ಹಾಕಿ, ನೆನಪಾದಷ್ಟೂ. ಹೆಡ್‌ಲೈಟಿನದು ಮೊದಲ ಸಾಲು. ಸೀಟ್ ಬೆಲ್ಟಿನ ಗೆರೆ ಎಲ್ಲಿದೆ ಅಂತಲೂ ಇದೆ. ವಯರಿಂಗ್ ಪೂರ್ತಿ ಬದಲಾಯಿಸೋಕೆ ಎಷ್ಟಾಗುತ್ತದೆ ಅಂತ ನಮ್ಮ ಮೆಕ್ಯಾನಿಕ್ಕನ್ನು ಕೇಳಿ ಕೆಳಗೆ ಬರೆದಿದ್ದೇನೆ. ಅದರಲ್ಲಿ ಅರ್ಧ ನನ್ನ ಟ್ಯೂಷನ್ನಿನ ದುಡ್ಡು. ಹುಟ್ಟುಹಬ್ಬ ಈ ಭಾನುವಾರ. ಈ ಲೇಖನವನ್ನು ನಿನ್ನೆ ಅಪ್ಪನಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಅರವತ್ತೆಂಟು ಮಾರ್ಕಿನ ಮಾತು ಯಾಕೆ ಬರೆದೆ?" ಅಂದರು. ಆಮೇಲೆ ಭಾನುವಾರ ಡೊಂಬಿವಿಲಿಗೆ ಫಾಸ್ಟ್ ಲೋಕಲು ಎಷ್ಟು ಗಂಟೆಗೆ ಅಂತ ಕೇಳಿದರು.